ಕೆಟ್ಟ ಮಿಕ್ಸಿಯ ಚರಿತ್ರೆ

ಹೊರನಾಡ ಕನ್ನಡಿಗರ ಚರಿತ್ರೆ ಬರೆಯುವವರು ಸಂಘ ಕಟ್ಟಿದ್ದನ್ನು ಬರೆಯುತ್ತಾರೆ, ಹೋಟೆಲ್ ಇಟ್ಟದ್ದನ್ನು, ರಾತ್ರಿ ಶಾಲೆ ನಡೆಸಿದ್ದನ್ನು, ಯಕ್ಷಗಾನ ಆಡಿಸಿದ್ದನ್ನು ಬರೆಯುತ್ತಾರೆ. ಬರೆಯಬೇಕಾದದ್ದೇ. ಆದರೆ ನಮ್ಮವರ ಮನೆಯೊಳಗೆ ಏನೇನಿತ್ತು, ಅದರಲ್ಲಿ ಯಾವುದು ಕೆಟ್ಟಿತು, ಕೆಟ್ಟಾಗ ಏನು ಮಾಡಿದರು ಅನ್ನುವುದು ಸ್ಮರಣ ಸಂಚಿಕೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಒಂದು ಮಿಕ್ಸಿ ಕೆಟ್ಟರೆ ಅದರಲ್ಲೇನು ಮಹಾ ಚರಿತ್ರೆ ಅಂತ ಊರಿನಲ್ಲಿರುವ ನೀವು ಕೇಳಬಹುದು. ನಿಮ್ಮ ಮನೆಯ ಹಿತ್ತಿಲಲ್ಲೋ ಅಡುಗೆ ಮನೆಯ ಮೂಲೆಯಲ್ಲೋ ಒಂದು ಕಲ್ಲು ಇನ್ನೂ ಕೂತಿರಬಹುದು. ಮಿಕ್ಸಿ ಕೆಟ್ಟ ದಿನ ಅದನ್ನು ತೊಳೆದುಕೊಂಡರಾಯಿತು. ನಾವು ಊರು ಬಿಡುವಾಗ ಆ ಕಲ್ಲನ್ನು ತರಲಿಲ್ಲ. ಹಾಗಾಗಿ ಇಲ್ಲಿ ಮಿಕ್ಸಿ ನಿಂತರೆ ಇಡ್ಲಿ ನಿಂತಿತು, ದೋಸೆ ನಿಂತಿತು, ತೆಂಗಿನಕಾಯಿ ಅರೆದು ಮಾಡುವ ಪದಾರ್ಥಗಳೆಲ್ಲ ನಿಂತವು.

ಕೆಲವರು ಕಲ್ಲನ್ನೂ ತಂದಿದ್ದರು ಅನ್ನಿ. ದಕ್ಷಿಣ ಕನ್ನಡದವರು ಕಡೆಯುವ ಕಲ್ಲು ಅನ್ನುತ್ತಾರೆ, ಮೈಸೂರಿನ ಕಡೆಯವರು ಒರಳುಕಲ್ಲು ಅನ್ನುತ್ತಾರೆ. ಹೆಸರು ಯಾವುದಾದರೇನು, ಮುಂಬಯಿಯ ಚಾಳಿನ ಹತ್ತಡಿ ಹನ್ನೆರಡಡಿ ಖೋಲಿಯಲ್ಲಿ ಅದಕ್ಕೆ ಜಾಗ ಎಲ್ಲಿ? ಬೆಳಿಗ್ಗೆ ಐದಕ್ಕೆ ಗುಂಡು ತಿರುಗಿಸಿದರೆ ಕೆಳಗಿನ ಮಾಳಿಗೆಯವರು ಮೇಲೆ ಬಂದು ಬಾಗಿಲು ತಟ್ಟುತ್ತಿದ್ದರು. ಅಂಗೈಯಗಲದ ಖೋಲಿಯಲ್ಲಿ ಬದುಕಿದವರಿಗೆ ಕಲ್ಲು ಸವಲತ್ತಲ್ಲ, ತಕರಾರಿನ ಮೂಲವಾಗಿತ್ತು.

ಹೋಟೆಲುಗಳ ಕಥೆ ಬೇರೆ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲದಲ್ಲಿ ಉಡುಪಿ ಹೋಟೆಲುಗಳ ಹಿಟ್ಟು ಯಂತ್ರದಿಂದ ಬರುತ್ತಿರಲಿಲ್ಲ, ಊರಿನಿಂದ ಬಂದ ಹುಡುಗರ ರಟ್ಟೆಯಿಂದ ಬರುತ್ತಿತ್ತು. ಆ ರಟ್ಟೆಗೆ ಬಿಡುವು ಕೊಟ್ಟ ಯಂತ್ರ ಹುಟ್ಟಿದ್ದು ಕೊಯಮತ್ತೂರಿನಲ್ಲಿ. 1955ರಲ್ಲಿ ಅಲ್ಲಿನ ಪಿ. ಸಭಾಪತಿ ಎಂಬವರು ಕಲ್ಲಿಗೆ ಮೋಟಾರು ಜೋಡಿಸಿ ಗ್ರೈಂಡರ್ ತಯಾರಿಸಿದರು. ಕಲ್ಲು ಹಾಗೇ ಉಳಿಯಿತು, ತಿರುಗಿಸುವ ಕೈ ಮಾತ್ರ ಬದಲಾಯಿತು. ಆದರೆ ಆ ಕಾಲದ ಗ್ರೈಂಡರ್ ದೊಡ್ಡದು, ಭಾರದ್ದು. ಹೋಟೆಲಿಗೆ ಸರಿ, ಖೋಲಿಗೆ ಅಲ್ಲ.

ಖೋಲಿಗೆ ಹೊಂದುವ ಯಂತ್ರ ಹುಟ್ಟಿದ್ದು ಮುಂಬಯಿಯಲ್ಲೇ. ಅದು ಹುಟ್ಟಿದ್ದು ಇನ್ನೊಂದು ಯಂತ್ರ ಕೆಟ್ಟುಹೋದ ಕಾರಣಕ್ಕೆ! ಸತ್ಯಪ್ರಕಾಶ್ ಮಾಥುರ್ ಅನ್ನುವವರು ಮುಂಬಯಿಯ ಸೀಮೆನ್ಸ್ ಕಂಪೆನಿಯಲ್ಲಿ ಇಂಜಿನಿಯರ್ ಆಗಿದ್ದರು. ಮನೆಯಲ್ಲಿ ಪತ್ನಿ ಮಾಧುರಿಯವರ ಹತ್ತಿರ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ಅದು ಸುಟ್ಟುಹೋಯಿತು. ರಿಪೇರಿ ಮಾಡಿಸೋಣವೆಂದರೆ ಭಾರತದಲ್ಲಿ ಅದಕ್ಕೆ ಸರ್ವೀಸೂ ಇಲ್ಲ, ಬಿಡಿಭಾಗವೂ ಇಲ್ಲ. ನೀವು ಇಂಜಿನಿಯರ್ ಅಲ್ಲವೇ, ಸರಿಮಾಡಿ ಕೊಡಿ ಅನ್ನುವ ಅರ್ಥದ ಮಾತನ್ನು ಮಾಧುರಿಯವರು ಆಡಿದರು. ಮಾಥುರ್ ಅದನ್ನು ಗಂಭೀರವಾಗಿ ತೆಗೆದುಕೊಂಡರು. ನಮ್ಮ ಅಡುಗೆಗೆ ತಕ್ಕ ಮೋಟಾರನ್ನೇ ಮಾಡುವುದಕ್ಕೆ ಕೂತರು. 1963ರಲ್ಲಿ ಪವರ್ ಕಂಟ್ರೋಲ್ ಅಂಡ್ ಅಪ್ಲಯನ್ಸಸ್ ಅನ್ನುವ ಕಂಪೆನಿ ಶುರುವಾಯಿತು. ಅವರ ಮಿಕ್ಸಿಯ ಹೆಸರು ಸುಮಿತ್, ಅಂದರೆ ಒಳ್ಳೆಯ ಗೆಳೆಯ. ಮುಂದಿನ ಎರಡು ಮೂರು ದಶಕ ಎಷ್ಟೋ ಮನೆಗಳಲ್ಲಿ ಮಿಕ್ಸಿ ಅಂದರೆ ಸುಮಿತ್, ಸುಮಿತ್ ಅಂದರೆ ಮಿಕ್ಸಿ.

ಜರ್ಮನಿಯ ಮಿಕ್ಸರ್ ಯಾಕೆ ಸುಟ್ಟಿತು? ಯಂತ್ರ ಕಳಪೆಯಾಗಿರಲಿಲ್ಲ, ಕೆಲಸ ಬೇರೆಯದಾಗಿತ್ತು. ಅಲ್ಲಿ ಅದು ಹಣ್ಣಿನ ರಸ, ಸೂಪು, ಮೆತ್ತಗಿನ ತರಕಾರಿಗೆಂದು ಮಾಡಿದ್ದು. ಇಲ್ಲಿ ನಾವು ಅದಕ್ಕೆ ನೆನೆಸಿದ ಉದ್ದು, ಕೊಬ್ಬರಿ, ಒಣಮೆಣಸು, ಅರಿಶಿನದ ಕೊಂಬು ಹಾಕುತ್ತೇವೆ. ಉದ್ದು ನುಣ್ಣಗಾದಷ್ಟೂ ಅಂಟಾಗುತ್ತದೆ. ಆಗ ಬ್ಲೇಡು ತಿರುಗಲು ತಿಣುಕುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ತಂತಿಯ ಮೇಲಿನ ವಾರ್ನಿಷ್ ಸುಟ್ಟ ವಾಸನೆ ಬಂದರೆ ಆಯಿತು, ಕಥೆ ಮುಗಿಯಿತು. ಇವತ್ತಿಗೂ ನಮ್ಮ ದೇಶದ ಮಿಕ್ಸಿಗಳು ಸಾಮಾನ್ಯವಾಗಿ 500ರಿಂದ 750 ವ್ಯಾಟ್ ಇರುವುದು ಈ ಉದ್ದು, ಕೊಬ್ಬರಿಗಾಗಿಯೇ.

ನಮ್ಮ ಮಿಕ್ಸಿಯೂ ಕೆಡುತ್ತಿತ್ತು. ಆದರೆ ಕೆಡುವುದಕ್ಕೂ ಒಂದು ಕ್ರಮವಿತ್ತು. ಮೊದಲು ಹೋಗುವುದು ಜಾರಿಗೂ ಮೋಟಾರಿಗೂ ನಡುವಿನ ಕಪ್ಲರ್. ಬ್ಲೇಡು ಸಿಕ್ಕಿಕೊಂಡರೆ ಮೊದಲು ಅದು ಸವೆದು ಮೋಟಾರನ್ನು ಉಳಿಸುತ್ತದೆ. ಆಮೇಲೆ ಕಾರ್ಬನ್ ಬ್ರಷ್. ತಿರುಗುವ ಆರ್ಮೇಚರ್‌ಗೆ ಕರೆಂಟು ಮುಟ್ಟಿಸುವ ಈ ಎರಡು ಸಣ್ಣ ತುಂಡುಗಳು ಪೆನ್ಸಿಲಿನ ಹಾಗೆ ಸವೆಯುತ್ತಾ ಹೋಗುತ್ತವೆ. ಜಾರಿನ ಬುಷ್ ಸವೆದರೆ ತಳದಲ್ಲಿ ನೀರು ಸೋರುತ್ತದೆ. ಇವೆಲ್ಲ ಕಡಿಮೆ ಖರ್ಚಿನ ರಿಪೇರಿಗಳು. ಕೊನೆಗೆ ವೈಂಡಿಂಗ್ ಸುಟ್ಟರೂ ಹೊಸ ತಂತಿ ಸುತ್ತಿಸಿ ಇನ್ನಷ್ಟು ವರ್ಷ ಓಡಿಸುತ್ತಿದ್ದರು. ಅಂಥ ಸಾಮಾನು ಸಿಗುವ ಬೀದಿ ಪ್ರತಿ ನಗರಕ್ಕೂ ಇತ್ತು. ಮುಂಬಯಿಯಲ್ಲಿ ಲೋಹಾರ್ ಚಾಳ್, ಪುಣೆಯಲ್ಲಿ ತಾಪಕೀರ್ ಗಲ್ಲಿ, ದೆಹಲಿಯಲ್ಲಿ ಚಾಂದನಿ ಚೌಕದ ಭಗೀರಥ ಪ್ಯಾಲೇಸ್.

ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಈ ನಗರಗಳ ಭಾಷೆ ಕಲಿತದ್ದರಲ್ಲಿ ರಿಪೇರಿಯವರ ಪಾಲೂ ಇದೆ. ಗಂಡ ಆಫೀಸಿಗೋ ಹೋಟೆಲಿಗೋ ಹೋದ ಮೇಲೆ ಬಾಗಿಲಿಗೆ ಬರುತ್ತಿದ್ದವರು ಗ್ಯಾಸಿನವನು, ಸ್ಟವ್ ರಿಪೇರಿಯವನು, ಮಿಕ್ಸಿಯವನು. ‘ಭಾಭೀ, ಕಾರ್ಬನ್ ಗಯಾ’ ಅನ್ನುವುದು ನಮ್ಮ ಎಷ್ಟೋ ಅಕ್ಕಂದಿರಿಗೆ ಅರ್ಥವಾದ ಮೊದಮೊದಲ ಹಿಂದಿ ವಾಕ್ಯಗಳಲ್ಲೊಂದು. ಪೂರಾ ಕೆಟ್ಟದ್ದನ್ನು ಒಯ್ಯುವವನ ಹೆಸರೂ ಊರಿಂದೂರಿಗೆ ಬೇರೆ. ನೀವು ಗುಜರಿಯವನು ಅನ್ನುತ್ತೀರಿ. ಮುಂಬಯಿ, ಪುಣೆಯಲ್ಲಿ ಅವನು ಭಂಗಾರ್‌ವಾಲಾ, ದೆಹಲಿಯಲ್ಲಿ ಕಬಾಡಿವಾಲಾ. ಮೂರೂ ಹೆಸರು ಗೊತ್ತಿದ್ದ ಮನೆಯವರು ಮೂರು ಕಡೆ ಸಂಸಾರ ಹೂಡಿದವರು ಅಂತ ತಿಳಿಯಬಹುದು.

ಆ ಕಾಲದಲ್ಲಿ ರಿಪೇರಿ ಬರೀ ಉಳಿತಾಯದ ಮಾತಾಗಿರಲಿಲ್ಲ. ಹೊಸದು ಬೇಕೆಂದರೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಆಮದಿಗೆ ನಿರ್ಬಂಧ, ತಯಾರಿಕೆಗೆ ಲೈಸೆನ್ಸು, ಫ್ರಿಜ್ಜಿನಂಥ ವಸ್ತುವಿಗೆ ಐಷಾರಾಮದ ಲೆಕ್ಕದಲ್ಲಿ ಭಾರೀ ಅಬಕಾರಿ ಸುಂಕ. ಗ್ಯಾಸ್ ಕನೆಕ್ಷನ್ನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಿರುವಾಗ ಮುಂಬಯಿಯವರು ರಜೆಯಲ್ಲಿ ಊರಿಗೆ ಹೊರಟರೆ ಲಗೇಜಿನಲ್ಲಿ ಕುಕ್ಕರೋ ಮಿಕ್ಸಿಯೋ ಇರುತ್ತಿತ್ತು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಗುವ ಮೊದಲು ಅದು ಬಸ್ಸಿನ ಟಾಪಿನ ಮೇಲೆ ಘಟ್ಟ ಹತ್ತಿಳಿದು ಬರಬೇಕು. ಊರಿನಲ್ಲಿ ವೋಲ್ಟೇಜು ಏರಿಳಿದು ಅದು ಕೆಟ್ಟರೆ ರಿಪೇರಿಗೆ ಮತ್ತೆ ಮುಂಬಯಿಗೇ ಹೊರಡುತ್ತಿತ್ತು, ಯಾರದೋ ಕೈಯಲ್ಲಿ, ಉಪ್ಪಿನಕಾಯಿ ಭರಣಿ, ಹಪ್ಪಳದ ಕಟ್ಟಿನ ಜೊತೆ. ಹೋಗಿಬರುವ ಮನುಷ್ಯರಿಗಿಂತ ಹೆಚ್ಚು ಸಲ ಪ್ರಯಾಣ ಮಾಡಿದ ಮಿಕ್ಸಿಗಳೂ ಇದ್ದವು.

ಕಲಬುರ್ಗಿ, ಬೀದರ, ರಾಯಚೂರಿನವರಿಗೆ ಮುಂಬಯಿಗಿಂತ ಹೈದರಾಬಾದೇ ಹತ್ತಿರ. 1956ರ ತನಕ ಅದು ಅವರದೇ ರಾಜಧಾನಿಯಾಗಿತ್ತಲ್ಲ. ಅಲ್ಲಿ 1942ರಲ್ಲಿ, ನಿಜಾಮರ ಕಾಲದಲ್ಲೇ ಶುರುವಾದ ಆಲ್ವಿನ್ ಕಾರ್ಖಾನೆ ಮುಂದೆ ಫ್ರಿಜ್ ತಯಾರಿಸಿತು. ಆಲ್ವಿನ್ ಫ್ರಿಜ್ ಅಂದರೆ ಬೀರುವಿನ ಹಾಗೆ ಗಟ್ಟಿ ಅಂತ ಹೆಸರಿತ್ತು. 1990ರ ದಶಕದಲ್ಲಿ ಅದರ ಫ್ರಿಜ್ ವಿಭಾಗ ವೋಲ್ಟಾಸ್‌ಗೆ ಸೇರಿತು. ಹಳೇ ಫ್ರಿಜ್ಜುಗಳು ಮನೆಗಳಲ್ಲಿ ಉಳಿದವು. ಅವಕ್ಕೆ ಕೊನೆ ತಂದದ್ದು ತುಕ್ಕಲ್ಲ, ಒಳಗಿನ ಗ್ಯಾಸ್. ಓಝೋನ್ ಪದರಕ್ಕೆ ಹಾನಿ ಮಾಡುವ ಸಿಎಫ್‌ಸಿ ಅನಿಲಗಳನ್ನು ಕೈಬಿಡಬೇಕೆಂದು 1987ರ ಮಾಂಟ್ರಿಯಲ್ ಒಪ್ಪಂದ ಹೇಳಿತ್ತು. ಭಾರತ 1992ರಲ್ಲಿ ಅದನ್ನು ಸೇರಿತು, 2010ರ ಹೊತ್ತಿಗೆ ಬಳಕೆ ನಿಲ್ಲಿಸಿತು. ಹೊಸ ಗ್ಯಾಸ್ ಹಳೇ ಕಂಪ್ರೆಸರಿನ ಎಣ್ಣೆಗೆ ಒಗ್ಗುವುದಿಲ್ಲ. ಗ್ಯಾಸ್ ಸೋರಿದ ಹಳೇ ಫ್ರಿಜ್ಜನ್ನು ಮೊದಲಿನ ಹಾಗೆ ತುಂಬಿಸಿ ಓಡಿಸುವುದು ಆಗದೆ ಹೋಯಿತು. ಇದು ಒಳ್ಳೆಯದಕ್ಕೇ ಆದ ಬದಲಾವಣೆ. ಆದರೂ ಇಪ್ಪತ್ತೈದು ವರ್ಷ ಹಾಲು ಕೆಡದಂತೆ ಕಾಪಾಡಿದ್ದನ್ನು ಹೊರಗೆ ಸಾಗಿಸುವಾಗ ಮನೆಯವರಿಗೆ ಕಸಿವಿಸಿಯಾಗದೆ ಇರಲಿಲ್ಲ.

1991ರ ನಂತರ ಅಂಗಡಿಗಳು ತುಂಬಿದವು. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಅನ್ನುವ ಎಕ್ಸ್‌ಚೇಂಜ್ ಶುರುವಾಯಿತು. ರಿಪೇರಿಗೆ ಹೊಸದರ ಅರ್ಧ ಬೆಲೆ ಕೇಳತೊಡಗಿದರು. ಅರ್ಧ ಕೊಡುವುದಕ್ಕಿಂತ ಹೊಸದೇ ವಾಸಿ ಅನ್ನುವ ಲೆಕ್ಕ ಎಲ್ಲರ ಬಾಯಲ್ಲಿ ಕೂತಿತು. 2005ರ ಜುಲೈ 26ರ ಮಳೆ ಮುಂಬಯಿಯ ಎಷ್ಟೋ ಮನೆಗಳಲ್ಲಿ ಆ ಲೆಕ್ಕವನ್ನೂ ಹಾಕಗೊಡಲಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಸುರಿಯಿತು. ಕಲೀನಾ, ಕುರ್ಲಾದ ಕಡೆ ನೆಲಮಾಳಿಗೆಯ ಮನೆಗಳಲ್ಲಿ ಫ್ರಿಜ್, ಟೀವಿ, ವಾಷಿಂಗ್ ಮಷೀನ್, ಮಿಕ್ಸಿ ಎಲ್ಲ ಕೆಸರು ನೀರಿನಲ್ಲಿ ನಿಂತವು. ನೀರಿಳಿದ ಮೇಲೆ ಬೀದಿಯುದ್ದಕ್ಕೂ ಅವುಗಳ ರಾಶಿ. ಒಂದೊಂದೇ ಸಂಬಳದಿಂದ, ಕಂತಿನಿಂದ, ಹತ್ತು ಹದಿನೈದು ವರ್ಷದಲ್ಲಿ ಕೂಡಿಸಿದ ಸಂಸಾರ ಒಂದೇ ರಾತ್ರಿಯಲ್ಲಿ ಭಂಗಾರವಾಯಿತು. ಮರುದಿನ ಓಡಿ ಹೋಗುವುದಕ್ಕೆ ಹತ್ತಿರದಲ್ಲಿ ಅಪ್ಪನ ಮನೆಯಿಲ್ಲ, ಅಣ್ಣನ ಮನೆಯಿಲ್ಲ. ಊರು ಬಿಟ್ಟವರಿಗೆ ಒಂದು ಯಂತ್ರ ಕೆಡುವುದೆಂದರೆ ಏನು ಅಂತ ಆ ವಾರ ಸ್ಪಷ್ಟವಾಗಿ ಕಂಡಿತು.

ಹೀಗೆ ಎಸೆದದ್ದರ ಬಗ್ಗೆ ಕಾನೂನೂ ಬಂತು. ಇಲೆಕ್ಟ್ರಾನಿಕ್ ತ್ಯಾಜ್ಯದ ನಿಯಮ 2012ರ ಮೇ ತಿಂಗಳಲ್ಲಿ ಜಾರಿಯಾಯಿತು. 2022ರಲ್ಲಿ ಹೊಸದಾಗಿ ಬರೆದ ನಿಯಮ 2023ರ ಏಪ್ರಿಲ್‌ನಿಂದ ನಡೆಯುತ್ತಿದೆ, ಅದರ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ವಸ್ತುಗಳಿವೆ. 2022ರಲ್ಲೇ ಕೇಂದ್ರ ಗ್ರಾಹಕ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೊಂಡವನಿಗೆ ಬಿಡಿಭಾಗವೂ ರಿಪೇರಿಯ ಮಾಹಿತಿಯೂ ಸಿಗಬೇಕು ಅನ್ನುವುದು ಅದರ ತಿರುಳು.

ಅಂದರೆ ಅರವತ್ತು ವರ್ಷದ ಹಿಂದೆ ಮಾಧುರಿ ಮಾಥುರ್ ಅವರ ಮನೆಯಲ್ಲಿ ಎದ್ದ ಪ್ರಶ್ನೆಯೇ ಈಗ ಸರ್ಕಾರದ ಕಡತದಲ್ಲಿದೆ: ಕೆಟ್ಟರೆ ಸರಿಮಾಡುವವರು ಯಾರು? ಬೆಲೆ, ಬಣ್ಣ, ವ್ಯಾಟ್ ಕೇಳುವ ಮೊದಲು ಇದನ್ನು ಅಂಗಡಿಯಲ್ಲಿ ಕೇಳುವ ಹಿರಿಯರು ಹೊರನಾಡಿನಲ್ಲಿ ಇನ್ನೂ ಇದ್ದಾರೆ. ಅಂಗಡಿಯ ಹುಡುಗರು ನಗುತ್ತಾರೆ. ನಗಲಿ. ಆ ಹಿರಿಯರು ಜಿಪುಣರಲ್ಲ. ಹಿತ್ತಿಲಲ್ಲಿ ಕಲ್ಲಿಲ್ಲದ ಮನೆಯಲ್ಲಿ ನಲವತ್ತು ವರ್ಷ ದೋಸೆ ಹೊಯ್ದವರು ಅವರು.