ಹಕ್ಕಿಗೆ ಕಾಳಾಗಿ ಕಂಡ ಹರಳು

ನಾನು ಕೃಷ್ಣಾತೀರದ ಹಳ್ಳಿಯೊಂದರಲ್ಲಿ ಶಿಕ್ಷಕನಾಗಿದ್ದಾಗ ಹುಡುಗರು ಸತ್ತ ಗೊರವಂಕವೊಂದನ್ನು ಹಿಡಿದು ತರಗತಿಗೆ ಬಂದಿದ್ದರು. ಆಗತಾನೇ ಕಬ್ಬು ನೆಟ್ಟ ಹೊಲದ ಬದುವಿನಲ್ಲಿ ಸಿಕ್ಕಿತಂತೆ. ಮೈಮೇಲೆ ಗಾಯವಿರಲಿಲ್ಲ. "ಯಾಕ ಸತ್ತೈತ್ರಿ ಸರ?" ಎಂಬ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸೀಮೆಯ ಕಬ್ಬಿನ ಕಥೆ ಹಳೆಯದು. ಉಗಾರ ಖುರ್ದದ ಸಕ್ಕರೆ ಕಂಪನಿ 1939ರಲ್ಲಿಯೇ ಹುಟ್ಟಿತು. ಮುಂದೆ ನೀರು ಹರಿದಂತೆಲ್ಲ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಗಳಲ್ಲಿ ಕಬ್ಬು ಹಬ್ಬಿತು. ತಂಬಾಕಿನ ನಿಪ್ಪಾಣಿಯೂ ಹೊರತಾಗಲಿಲ್ಲ. ಕಬ್ಬಿನೊಡನೆ ಸುಳಿಕೊರಕ, ಗೊಣ್ಣೆಹುಳು. ಅವುಗಳ ಬೆನ್ನಿಗೆ ಫೋರೇಟ್, ಕಾರ್ಬೋಫ್ಯುರಾನ್ ಎಂಬ ಹರಳು ವಿಷಗಳು. ರೈತರ ಬಾಯಲ್ಲಿ ಅವು ‘ಗುಳಿಗಿ’. ಜ್ವರಕ್ಕೆ ನುಂಗುವ ಮಾತ್ರೆಗೂ ಅದೇ ಹೆಸರು!

ಹಕ್ಕಿಗೆ ಹಲ್ಲಿಲ್ಲ. ಕಾಳನ್ನು ಅರೆಯಲೆಂದು ಅದು ಮರಳಿನ ಕಣಗಳನ್ನು ನುಂಗಿ ಹೊಟ್ಟೆಯ ಸ್ನಾಯುಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಮಣ್ಣಿನಲ್ಲಿ ಮುಚ್ಚದೆ ಉಳಿದ ಹರಳು ಅದರ ಕಣ್ಣಿಗೆ ಕಾಳೂ ಹೌದು, ಮರಳೂ ಹೌದು. ಕಾರ್ಬೋಫ್ಯುರಾನಿನ ಒಂದೆರಡು ಹರಳು ಚಿಕ್ಕ ಹಕ್ಕಿಯ ಪ್ರಾಣಕ್ಕೆ ಸಾಕು. ಅಮೆರಿಕದಲ್ಲಿ ಈ ಹರಳಿನಿಂದ ವರ್ಷಕ್ಕೆ 10ರಿಂದ 20 ಲಕ್ಷ ಹಕ್ಕಿಗಳು ಸಾಯುತ್ತಿದ್ದುವೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಅಂದಾಜಿಸಿ, 1991ರಿಂದ ಅದನ್ನು ಹಂತಹಂತವಾಗಿ ಹಿಂತೆಗೆಸಿತು.

ನಮ್ಮಲ್ಲಿ? 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಹಿಟ್ಟುಂಡು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 1968ರಲ್ಲಿ ಕೀಟನಾಶಕ ಕಾಯಿದೆ ಬಂದಿತು. ಅದರ ಮೂರನೆಯ ಕಲಮನ್ನು ನಿವೃತ್ತಿಯ ನಂತರ ಓದಿ ನಾನು ಬೆರಗಾದೆ. ‘ಪ್ರಾಣಿ’ ಎಂದರೆ ಮನುಷ್ಯನಿಗೆ ಉಪಯುಕ್ತವಾದ ಪ್ರಾಣಿ. ಮೀನು, ಕೋಳಿಗಳೂ ಅದರಲ್ಲಿ ಸೇರಿವೆ. ಕಾಡುಜೀವಿಗಳಾದರೆ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದವು ಮಾತ್ರ! ನೇಗಿಲಿನ ಹಿಂದೆ ನಡೆದು ಹುಳು ಹೆಕ್ಕುವ ಬೆಳ್ಳಕ್ಕಿ ಉಪಯುಕ್ತವೋ ಅಲ್ಲವೋ ಎಂಬುದನ್ನು ನಮ್ಮ ರೈತನನ್ನು ಕೇಳಬಹುದಿತ್ತು. 1980ರ ದಶಕದ ಕೊನೆಯಲ್ಲಿ ಭರತಪುರದ ಸಾರಸಗಳು ಆಲ್ಡ್ರಿನ್ ಲೇಪಿಸಿದ ಬಿತ್ತನೆಕಾಳು ತಿಂದು ಸತ್ತವು. ಆಲ್ಡ್ರಿನ್ ನಿಷೇಧವಾದದ್ದು 1996ರಲ್ಲಿ.

ಫೋರೇಟ್ 2020ರ ಅಂತ್ಯಕ್ಕೆ ನಿಂತಿತು. 2023ರ ಆದೇಶವು ಕಾರ್ಬೋಫ್ಯುರಾನಿನ ಉಳಿದೆಲ್ಲ ರೂಪಗಳನ್ನು ನಿಷೇಧಿಸಿ ಒಂದನ್ನು ಉಳಿಸಿತು: ಶೇಕಡಾ 3ರ, ಕವಚವುಳ್ಳ ಹರಳು. ಹಕ್ಕಿ ಕುಕ್ಕಬಲ್ಲ ರೂಪವೇ ಉಳಿಯಿತಲ್ಲ ಎಂಬುದು ನನ್ನ ಕೊರಗು.

ಆ ಗೊರವಂಕ ಇದರಿಂದಲೇ ಸತ್ತಿತೆಂದು ಹೇಳಲಾರೆ. ಅಂದು ಯಾರೂ ಪರೀಕ್ಷಿಸಲಿಲ್ಲ. ಅದನ್ನು ತಂದ ಹುಡುಗರು ಇಂದು ಸ್ವತಃ ಕಬ್ಬು ಬೆಳೆಯುತ್ತಿದ್ದಾರೆ. ಸಿಕ್ಕಾಗಲೆಲ್ಲ, ಹರಳನ್ನು ಮಣ್ಣಿನಲ್ಲಿ ಪೂರ್ತಿ ಮುಚ್ಚಿದಿರಾ ಎಂದು ಕೇಳುತ್ತೇನೆ.