ಸಮುದ್ರದಡಿಯ 'ನಗರ'ಕ್ಕೆ ಸೋನಾರ್ ಚಿತ್ರವೇ ಸಾಕ್ಷಿಯೇ?

"ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 9500 ವರ್ಷ ಹಳೆಯ ನಗರ ಸಿಕ್ಕಿದೆ, ಸೋನಾರ್ ಚಿತ್ರವೇ ಸಾಕ್ಷಿ!" ಇಂಥ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದರಲ್ಲಿ ನಿಜವೆಷ್ಟು? ಸೋನಾರ್ ಎಂದರೇನೆಂದು ಮೊದಲು ತಿಳಿಯೋಣ.

ಶಬ್ದದಿಂದ ನೋಡುವುದು ಹೇಗೆ?

ಕದಡಿದ ನೀರಿನಲ್ಲಿ ಬೆಳಕು ಹೆಚ್ಚು ದೂರ ಹೋಗುವುದಿಲ್ಲ. ಆದರೆ ಶಬ್ದ ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ದೋಣಿಯಿಂದ ಕಳಿಸಿದ ಶಬ್ದ ತಳಕ್ಕೆ ಬಡಿದು 0.04 ಸೆಕೆಂಡಿನಲ್ಲಿ ಮರಳಿದರೆ, ಅಲ್ಲಿನ ಆಳ ಸುಮಾರು 30 ಮೀಟರ್.

ಇದಕ್ಕೆ ಮುಖ್ಯವಾಗಿ ಎರಡು ಉಪಕರಣಗಳಿವೆ.

ಸೈಡ್ ಸ್ಕ್ಯಾನ್ ಸೋನಾರ್: 100 ಕಿಲೋಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಕಂಪನಾಂಕದ ಶಬ್ದ ಬಳಸುತ್ತದೆ. ತಳದ ಮೇಲ್ಮೈಯ ಚಿತ್ರ ಸ್ಪಷ್ಟವಾಗಿ ಸಿಗುತ್ತದೆ, ಆದರೆ ಹೂಳಿನೊಳಗೆ ಇರುವುದು ಕಾಣುವುದಿಲ್ಲ.

ಸಬ್ ಬಾಟಮ್ ಪ್ರೊಫೈಲರ್: ಕೆಲವೇ ಕಿಲೋಹರ್ಟ್ಸ್ ಕಂಪನಾಂಕದ ಶಬ್ದ ಬಳಸುತ್ತದೆ. ಪಕ್ಕದ ಮನೆಯ ಹಾಡಿನಲ್ಲಿ ಗೋಡೆ ದಾಟಿ ಬರುವುದು ಡ್ರಮ್ಮಿನ ದಪ್ಪ ಸದ್ದು ತಾನೆ? ಹಾಗೆಯೇ ಈ ಶಬ್ದ ಕೆಸರಿನೊಳಗೆ ಇಳಿದು, ಒಂದೊಂದು ಪದರದಿಂದಲೂ ಪ್ರತಿಧ್ವನಿ ತರುತ್ತದೆ. ಆದರೆ ಸಣ್ಣ ವಿವರಗಳು ಮಸುಕಾಗುತ್ತವೆ. ಕೆಸರಿನಲ್ಲಿ ಅನಿಲದ ಗುಳ್ಳೆಗಳಿದ್ದರೆ ಅದರ ಕೆಳಗೆ ಏನೂ ಕಾಣದು.

ಯಶಸ್ಸಿನ ಕಥೆ: ಮೇರಿ ರೋಸ್

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತು. 1967 ಮತ್ತು 1968ರ ಸೋನಾರ್ ಸಮೀಕ್ಷೆಗಳಲ್ಲಿ ಹೂಳಿನಡಿ ಅಸಹಜವಾದೊಂದು ಗುರುತು ಕಂಡಿತು. ಅದು ಹಡಗೇ ಎಂದು ಶಬ್ದ ಹೇಳಲಿಲ್ಲ. ಮುಳುಗುಗಾರರು ಆ ಜಾಗದಲ್ಲಿ ವರ್ಷಗಟ್ಟಲೆ ಹುಡುಕಿ, 1971ರಲ್ಲಿ ಹಡಗಿನ ಮರವನ್ನು ಕಣ್ಣಾರೆ ಕಂಡ ಮೇಲಷ್ಟೇ ಅದು ಖಚಿತವಾಯಿತು. 1982ರಲ್ಲಿ ಅದನ್ನು ಮೇಲೆತ್ತಲಾಯಿತು.

ಹಾಗಾದರೆ ಖಂಭಾತ್?

ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸಮೀಕ್ಷೆಯಲ್ಲಿ, ಸುಮಾರು 30-40 ಮೀಟರ್ ಆಳದಲ್ಲಿ ಚೌಕಾಕಾರದ ಆಕೃತಿಗಳು ಕಂಡವು ಎಂದು 2001ರಲ್ಲಿ ಪ್ರಕಟಿಸಿದ್ದು ನಿಜ. ತಳದಿಂದ ಬಾಚಿ ತೆಗೆದ ವಸ್ತುಗಳಲ್ಲಿ ಒಂದು ಮರದ ತುಂಡಿನ ವಯಸ್ಸು ಸುಮಾರು 9500 ವರ್ಷ ಎಂದು ಬಂದದ್ದೂ ನಿಜ.

ಆದರೆ ಮರದ ವಯಸ್ಸು ನಗರದ ವಯಸ್ಸಲ್ಲ. ಆ ಕಾಲದಲ್ಲಿ ಸಮುದ್ರಮಟ್ಟ ಇಂದಿಗಿಂತ ಹತ್ತಾರು ಮೀಟರ್ ಕೆಳಗಿತ್ತು. ಇಂದಿನ ತಳ ಅಂದು ಒಣನೆಲವಾಗಿದ್ದರೆ ಅಲ್ಲಿ ಮರ ಬೆಳೆದದ್ದು ಆಶ್ಚರ್ಯವೇನಲ್ಲ. ಮೇಲಾಗಿ, ಖಂಭಾತ್ ಕೊಲ್ಲಿಯ ಉಬ್ಬರವಿಳಿತ ದೇಶದಲ್ಲೇ ಅತಿ ಹೆಚ್ಚು. ಅಲ್ಲಿನ ಬಿರುಸಿನ ಪ್ರವಾಹ ವಸ್ತುಗಳನ್ನು ಬೇರೆಡೆಯಿಂದ ಎಳೆದು ತರಬಲ್ಲದು. ಪದರ ಪದರವಾಗಿ ಉತ್ಖನನ ಮಾಡದೆ ಬಾಚಿ ತೆಗೆದರೆ, ಯಾವ ವಸ್ತು ಎಲ್ಲಿಯದು ಎಂದು ಹೇಳಲಾಗದು. ಸೋನಾರ್ ಚಿತ್ರದಲ್ಲಿ ಕಾಣುವ ನೇರ ಗೆರೆಗಳು ನೈಸರ್ಗಿಕ ಬಂಡೆಯ ಬಿರುಕುಗಳೂ ಆಗಿರಬಹುದು. ಅದಕ್ಕೇ ಅನೇಕ ಪುರಾತತ್ವ ತಜ್ಞರು ನಗರದ ವಾದವನ್ನು ಒಪ್ಪಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

1. ಚಿತ್ರ ಕಂಡ ಜಾಗಕ್ಕೆ ಯಾರಾದರೂ ಇಳಿದು ನೋಡಿದ್ದಾರೆಯೇ?
2. ಕಾಲನಿರ್ಣಯ ಮಾಡಿದ ವಸ್ತು ಆ ರಚನೆಯೊಳಗೇ ಸಿಕ್ಕಿತೇ, ಅಥವಾ ಸುತ್ತಮುತ್ತ ಬಾಚಿದ್ದೇ?
3. ಅದನ್ನು ಮನುಷ್ಯರೇ ಕಟ್ಟಿದ್ದು ಎಂಬುದಕ್ಕೆ ಚಿತ್ರದ ಹೊರತು ಬೇರೆ ಪುರಾವೆ ಇದೆಯೇ?

ಒಟ್ಟಿನಲ್ಲಿ: ಎಲ್ಲಿ ಹುಡುಕಬೇಕು ಎಂಬುದನ್ನು ಸೋನಾರ್ ತೋರಿಸುತ್ತದೆ. ಅದು ಎಷ್ಟು ಹಳೆಯದು, ಕಟ್ಟಿದವರು ಯಾರು ಎಂಬುದನ್ನು ಹೇಳುವುದು ಉತ್ಖನನ ಮಾತ್ರ. ಖಂಭಾತ್ ಕೊಲ್ಲಿಯಲ್ಲಿ ನಗರವಿತ್ತು ಎಂಬುದು ಸಾಬೀತಾಗದ ವಾದ.