ವಾದಕನಿಗೆ ತಕ್ಕ ವಾದ್ಯ

ವೀಣೆಗೆ ಮೇಳ ಕಟ್ಟಿಸುವುದೆಂದರೇನೆಂಬುದನ್ನು ಮೈಸೂರಿನವರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಮೇಣವನ್ನು ಹದಮಾಡಿ ದಂಡಿಯ ಮೇಲೆ ಎರಡು ಸಾಲಾಗಿ ಹಾಕಿ, ಅದರ ಮೇಲೆ 24 ಮೆಟ್ಟಲುಗಳನ್ನು ಒಂದೊಂದಾಗಿ ಶ್ರುತಿಗೆ ಸರಿಯಾಗಿ ಕೂರಿಸುವ ಕೆಲಸವದು. ವೈಣಿಕನು ಎದುರಿಗೆ ಕುಳಿತು ಮೀಟಿ ನೋಡುತ್ತಾನೆ. ಮೇಳ ಕಟ್ಟುವವನು ಮೆಟ್ಟಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾನೆ. ಒಬ್ಬನ ಕಿವಿಯೂ ಇನ್ನೊಬ್ಬನ ಕೈಯೂ ಒಂದಾಗುವವರೆಗೆ ಆ ಕೆಲಸ ಮುಗಿಯುವುದಿಲ್ಲ. ನಾಗಸ್ವರದ ಕೆಳಭಾಗದ ರಂಧ್ರಗಳಿಗೆ ಮೇಣ ಮೆತ್ತಿ ಶ್ರುತಿಯನ್ನು ಸರಿಪಡಿಸಿಕೊಳ್ಳುವವರೂ ಇದೇ ಜಾಡಿನವರು. ವಾದ್ಯವನ್ನು ಅಂಗಡಿಯಿಂದ ತಂದ ಮಾತ್ರಕ್ಕೆ ಅದು ತನ್ನದಾಗುವುದಿಲ್ಲವೆಂಬುದು ನಮ್ಮವರಿಗೆ ಹಳೆಯ ಅರಿವು.

ಪಾಶ್ಚಾತ್ಯರ ಸುಷಿರವಾದ್ಯವಾದ ಕ್ಲ್ಯಾರಿನೆಟ್ಟಿನ ಚರಿತ್ರೆಯಲ್ಲಿಯೂ ಈ ಅರಿವು ಮೊದಲಿನಿಂದ ಕೊನೆಯವರೆಗೆ ಹರಿದುಬಂದಿದೆ. ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಅದರ ಹಿಂದಿರುವ ಕುಶಲಕರ್ಮಿಯನ್ನು ಕಂಡವರು ವಿರಳ. ಆ ಕುಶಲಕರ್ಮಿಗೂ ವಾದಕನಿಗೂ ಇದ್ದ ಸಂಬಂಧವನ್ನು, ಅದರಿಂದ ಬಂದ ಲಾಭವನ್ನೂ ಆದ ನಷ್ಟವನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲು ವಾದ್ಯದ ಸ್ವಭಾವವನ್ನು ತಿಳಿಯಬೇಕು. 18ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಡೆನ್ನರ್ ಎಂಬ ವಾದ್ಯಶಿಲ್ಪಿಯ ಮನೆಯಲ್ಲಿ ಇದು ರೂಪುಗೊಂಡಿತೆಂದು ಪ್ರತೀತಿ. ಉದ್ದನೆಯ ಮರದ ಕೊಳವೆ, ಬಾಯಿಯಲ್ಲಿ ಒಂದೇ ಒಂದು ಜೊಂಡಿನ ನಾಲಗೆ. ನಮ್ಮ ಕೊಳಲನ್ನು ಬಿಗಿಯಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಷಡ್ಜ ಬರುತ್ತದೆ. ಕ್ಲ್ಯಾರಿನೆಟ್ಟಿನಲ್ಲಿ ಹಾಗಲ್ಲ, ಹಿಂಭಾಗದ ಒಂದು ಸಣ್ಣ ಕೀಲಿಯನ್ನು ತೆರೆದರೆ ಷಡ್ಜವನ್ನು ನುಡಿಯುತ್ತಿದ್ದ ಬೆರಳು ಮೇಲಿನ ಸ್ಥಾಯಿಯ ಪಂಚಮಕ್ಕೆ ಹಾರುತ್ತದೆ. ಆದುದರಿಂದ ಒಂದೊಂದು ರಂಧ್ರವೂ ಎರಡೆರಡು ಸ್ವರಗಳಿಗೆ ಉತ್ತರ ಹೇಳಬೇಕು. ಕೆಳಗಿನ ಸ್ವರ ತಗ್ಗಿತೆಂದು ರಂಧ್ರವನ್ನು ಹಿಗ್ಗಿಸಿದರೆ ಮೇಲಿನ ಸ್ವರವೂ ಅಲುಗುತ್ತದೆ. ಮೇಲಿನದನ್ನು ಇಳಿಸಲು ರಂಧ್ರಕ್ಕೆ ಮೇಣ ಹಚ್ಚಿದರೆ ಕೆಳಗಿನದು ಮುನಿಯುತ್ತದೆ. ಎಲ್ಲ ಸ್ವರಗಳೂ ಪೂರ್ಣವಾಗಿ ಶುದ್ಧವಾಗಿರುವ ಕ್ಲ್ಯಾರಿನೆಟ್ಟನ್ನು ಯಾರೂ ಮಾಡಿಲ್ಲ. ಯಾವ ಸ್ವರದಲ್ಲಿ ಎಷ್ಟು ಬಿಟ್ಟುಕೊಡಬೇಕೆಂಬುದೇ ಪ್ರಶ್ನೆ. ಆ ತೀರ್ಮಾನಕ್ಕೆ ವಾದಕನ ತುಟಿ, ಉಸಿರು, ಬೆರಳು ಇವುಗಳೇ ಸಾಕ್ಷಿ. ವಾದ್ಯವನ್ನು ವಾದಕನಿಗೆ ಹೊಂದಿಸುವ ವಿದ್ಯೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಈ ವಿದ್ಯೆಯ ಅತ್ಯಂತ ಪ್ರಸಿದ್ಧವಾದ ಪ್ರಸಂಗ ವಿಯೆನ್ನಾ ನಗರದಲ್ಲಿ ನಡೆಯಿತು. 1753ರಲ್ಲಿ ಜನಿಸಿದ ಆಂಟನ್ ಸ್ಟಾಡ್ಲರ್ ಎಂಬಾತನು ಚಕ್ರವರ್ತಿಯ ಆಸ್ಥಾನದಲ್ಲಿ ಕ್ಲ್ಯಾರಿನೆಟ್ ವಾದಕನಾಗಿದ್ದನು. ಆತನಿಗೆ ಮಂದ್ರಸ್ವರಗಳಲ್ಲಿ ಅಪಾರವಾದ ಒಲವು. ಸಾಮಾನ್ಯ ವಾದ್ಯವು ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಕೆಳಕ್ಕೆ ಇಳಿಯಬೇಕೆಂಬುದು ಆತನ ಬಯಕೆ. ಅದೇ ನಗರದ ವಾದ್ಯಶಿಲ್ಪಿ ಥಿಯೋಡೋರ್ ಲೋಟ್ಸ್ ಆತನಿಗಾಗಿ ಕೊಳವೆಯನ್ನು ನೀಳವಾಗಿಸಿ, ಹೊಸ ಕೀಲಿಗಳನ್ನು ಜೋಡಿಸಿ, ಕಡೆಗೆ ನಾಲ್ಕು ಅರ್ಧಸ್ವರಗಳಷ್ಟು ಕೆಳಕ್ಕಿಳಿಯುವ ವಾದ್ಯವು ಸಿದ್ಧವಾಯಿತು. ಈಗಿನ ವಿದ್ವಾಂಸರು ಅದನ್ನು ಬ್ಯಾಸೆಟ್ ಕ್ಲ್ಯಾರಿನೆಟ್ ಎಂದು ಕರೆಯುತ್ತಾರೆ. ಅದು ಒಬ್ಬ ಮನುಷ್ಯನ ಆಸೆಗೆ ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು.

ಸ್ಟಾಡ್ಲರನ ಗೆಳೆಯನಾಗಿದ್ದವನು ಮೊಟ್ಸಾರ್ಟ್. ಆ ಮಹಾಕವಿಸದೃಶನಾದ ಸಂಗೀತರಚಕನು ಈ ವಾದ್ಯದ ಆಳವಾದ ಧ್ವನಿಗೆ ಮನಸೋತು 1789ರಲ್ಲಿ ಕ್ಲ್ಯಾರಿನೆಟ್ಟಿಗೂ ನಾಲ್ಕು ತಂತೀವಾದ್ಯಗಳಿಗೂ ಒಂದು ಪಂಚವಾದ್ಯಕೃತಿಯನ್ನೂ, 1791ರಲ್ಲಿ ವಾದ್ಯವೃಂದದೊಡನೆ ನುಡಿಸುವ ಕಂಚೆರ್ಟೊ ಎಂಬ ದೊಡ್ಡ ಕೃತಿಯನ್ನೂ ಸ್ಟಾಡ್ಲರನಿಗಾಗಿಯೇ ರಚಿಸಿದನು. ಅದೇ ವರ್ಷದ ಡಿಸೆಂಬರ್ 5ರಂದು ಮೊಟ್ಸಾರ್ಟನು ಕಾಲವಾದನು. ಆಗ ಸ್ಟಾಡ್ಲರನು ಆತನಿಗೆ 500 ಗಿಲ್ಡರುಗಳ ಸಾಲಗಾರನಾಗಿದ್ದನೆಂದು ಮೃತನ ಆಸ್ತಿಯ ಪಟ್ಟಿಯಿಂದ ತಿಳಿದುಬರುತ್ತದೆ. ಮರುವರ್ಷವೇ ಲೋಟ್ಸನೂ ತೀರಿಕೊಂಡನು. ರಚಿಸಿದವನೂ ಹೋದನು, ವಾದ್ಯವನ್ನು ಮಾಡಿದವನೂ ಹೋದನು, ಉಳಿದವನು ನುಡಿಸುವವನೊಬ್ಬನೇ.

ಅನಂತರ ನಡೆದುದು ಖೇದಕರವಾದ ಸಂಗತಿ. ಹಸ್ತಪ್ರತಿಗಳು ಮಾಯವಾದುವು. 1800ರಲ್ಲಿ ಮೊಟ್ಸಾರ್ಟನ ವಿಧವೆಯು ಪ್ರಕಾಶಕನಿಗೆ ಬರೆದ ಪತ್ರದಲ್ಲಿ, ಹಸ್ತಪ್ರತಿಗಳಿದ್ದ ಪೆಟ್ಟಿಗೆ ಜರ್ಮನಿಯಲ್ಲಿ ಕಳುವಾಯಿತೆಂದು ಸ್ಟಾಡ್ಲರನು ಹೇಳುತ್ತಾನೆಂದೂ, 73 ಡ್ಯೂಕಟ್ಟುಗಳಿಗೆ ಅದನ್ನು ಒತ್ತೆಯಿಟ್ಟನೆಂದು ಬೇರೆಯವರು ಹೇಳುತ್ತಾರೆಂದೂ ತಿಳಿಸಿದ್ದಾಳೆ. 1801ರ ಸುಮಾರಿಗೆ ಕಂಚೆರ್ಟೊ ಅಚ್ಚಾಗಿ ಬಂದಾಗ ಅದು ಮೂಲರೂಪದಲ್ಲಿರಲಿಲ್ಲ. ಸ್ಟಾಡ್ಲರನ ವಾದ್ಯವು ಇನ್ನಾರ ಕೈಯಲ್ಲಿಯೂ ಇರಲಿಲ್ಲವಷ್ಟೆ. ಆದುದರಿಂದ ಯಾರೋ ಒಬ್ಬರು ಕೃತಿಯನ್ನು ಸಾಮಾನ್ಯ ವಾದ್ಯಕ್ಕೆ ತಕ್ಕಂತೆ ತಿದ್ದಿದ್ದರು. ಮಂದ್ರಕ್ಕೆ ಧುಮುಕಬೇಕಾದ ಸ್ವರಪಂಕ್ತಿಗಳು ನಡುದಾರಿಯಲ್ಲಿ ಮಡಿಸಿಕೊಂಡು ಮೇಲಿನ ಸ್ಥಾಯಿಗೆ ನೆಗೆದುವು. 1802ರಲ್ಲಿ ಲೈಪ್‌ಸಿಗ್ ನಗರದ ಸಂಗೀತಪತ್ರಿಕೆಯೊಂದರ ವಿಮರ್ಶಕನು ಈ ತಿದ್ದುಪಡಿಯನ್ನು ಗುರುತಿಸಿ, ಮೂಲದ ಕೆಲವು ಭಾಗಗಳು ಹೇಗಿದ್ದುವೆಂಬುದನ್ನೂ ತೋರಿಸಿದನು. ಆದರೂ ಒಂದೂವರೆ ಶತಮಾನದ ಕಾಲ ಲೋಕವು ಈ ತಿದ್ದಿದ ರೂಪವನ್ನೇ ಕೇಳುತ್ತ ಬಂದಿತು.

ಇಲ್ಲಿ ಒಂದು ಮಾತನ್ನು ಆಲೋಚಿಸಬೇಕು. ಸ್ಟಾಡ್ಲರನಿಗೆ ವಾದ್ಯವನ್ನು ಹೊಂದಿಸಿಕೊಟ್ಟಿರದಿದ್ದರೆ ಆ ಕೃತಿಗಳು ಈ ಬಗೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಆ ಹೊಂದಿಕೆಯು ಒಬ್ಬನಿಗೆ ಮಾತ್ರ ಮೀಸಲಾಗಿ ನಿಂತುದರಿಂದಲೇ ಅವು ಅಂಗಭಂಗವನ್ನೂ ಹೊಂದಿದುವು. ವರವೂ ಶಾಪವೂ ಒಂದೇ ಕೈಯಿಂದ ಬಂದುವು.

ಮುಂದಿನ ತಲೆಮಾರಿನವರು ಇದಕ್ಕೆ ಎದುರಾದ ದಾರಿಯನ್ನು ಹಿಡಿದರು. ಒಬ್ಬನ ವಾದ್ಯವು ಎಲ್ಲರ ವಾದ್ಯವಾಗಲೆಂಬುದು ಅವರ ಧ್ಯೇಯ. ಮೊಟ್ಸಾರ್ಟನ ಕಾಲದ ಸಾಮಾನ್ಯ ಕ್ಲ್ಯಾರಿನೆಟ್ಟಿಗೆ ಐದಾರು ಕೀಲಿಗಳು ಮಾತ್ರವಿದ್ದುವು. ಶ್ರುತಿ ಬದಲಾದರೆ ವಾದ್ಯವನ್ನೇ ಬದಲಾಯಿಸಬೇಕಾಗಿತ್ತು. ಇವಾನ್ ಮ್ಯುಲ್ಲರ್ ಎಂಬ ವಾದಕನು 13 ಕೀಲಿಗಳ ವಾದ್ಯವನ್ನು ಸಿದ್ಧಪಡಿಸಿ, ಎಲ್ಲ ಶ್ರುತಿಗಳಿಗೂ ಇದೊಂದೇ ಸಾಕೆಂದು 1812ರಲ್ಲಿ ಪ್ಯಾರಿಸ್ಸಿನ ಸಂಗೀತಶಾಲೆಯ ವಿದ್ವತ್ಸಮಿತಿಯ ಮುಂದಿಟ್ಟನು. ಸಮಿತಿಯು ಒಪ್ಪಲಿಲ್ಲ. ಬೇರೆಬೇರೆ ಶ್ರುತಿಯ ಕ್ಲ್ಯಾರಿನೆಟ್ಟುಗಳಿಗೆ ಬೇರೆಬೇರೆ ನಾದಗುಣವುಂಟು, ಒಂದನ್ನೇ ಉಳಿಸಿಕೊಂಡರೆ ಆ ವೈವಿಧ್ಯವು ಅಳಿಯುವುದೆಂಬುದು ಅವರ ಆಕ್ಷೇಪಣೆ. ಆದರೆ ವಾದಕರು ಸಮಿತಿಯ ಅಪ್ಪಣೆಗಾಗಿ ಕಾದು ಕುಳಿತಿರಲಿಲ್ಲ. ಮ್ಯುಲ್ಲರನ ವಾದ್ಯವು ಯುರೋಪಿನಲ್ಲೆಲ್ಲ ಹರಡಿತು.

ಬಳಿಕ ಅದೇ ಪ್ಯಾರಿಸ್ಸಿನಲ್ಲಿ ಕ್ಲೋಸೆ ಎಂಬ ಉಪಾಧ್ಯಾಯನೂ ಬ್ಯುಫೆ ಎಂಬ ವಾದ್ಯಶಿಲ್ಪಿಯೂ ಜೊತೆಗೂಡಿದರು. ಮ್ಯೂನಿಕ್ ನಗರದ ಬೋಮ್ ಎಂಬಾತನು ಕೊಳಲಿಗೆ ಅಳವಡಿಸಿದ್ದ ಉಂಗುರಕೀಲಿಗಳನ್ನು ಅವರು ಕ್ಲ್ಯಾರಿನೆಟ್ಟಿಗೆ ತಂದು, 1839ರಲ್ಲಿ ಪ್ರದರ್ಶಿಸಿ, 1844ರಲ್ಲಿ ಸ್ವಾಮ್ಯಪತ್ರವನ್ನು ಪಡೆದರು. ಲೋಕದ ಬಹುಭಾಗದಲ್ಲಿ ಇಂದು ಬಳಕೆಯಲ್ಲಿರುವುದು ಈ ಪದ್ಧತಿಯೇ. ಒಬ್ಬನು ಊದಿ ತನ್ನ ತೊಂದರೆಯನ್ನು ಹೇಳಿದನು, ಇನ್ನೊಬ್ಬನು ಕೊರೆದು ಅದನ್ನು ಪರಿಹರಿಸಿದನು; ಆದರೆ ಈ ಸಲ ಫಲವು ಇಬ್ಬರಲ್ಲಿಯೇ ನಿಲ್ಲದೆ ಸಹಸ್ರಾರು ಬೆರಳುಗಳಿಗೆ ಸಂದಿತು.

ಹಾಗಾದರೆ ಒಬ್ಬೊಬ್ಬನಿಗೆ ಹೊಂದಿಸುವ ಕಾರ್ಯವು ಅಲ್ಲಿಗೆ ನಿಂತಿತೇ? ನಿಲ್ಲಲಿಲ್ಲ, ಅದು ಕಾರ್ಖಾನೆಯನ್ನು ಬಿಟ್ಟು ದುರಸ್ತಿಗಾರನ ಮೇಜಿಗೆ ಬಂದಿತು. ಇಂದಿಗೂ ಪಳಗಿದ ವಾದಕನು ಹೊಸ ವಾದ್ಯವನ್ನು ಕೊಂಡರೆ ನೇರವಾಗಿ ಅಲ್ಲಿಗೆ ಒಯ್ಯುತ್ತಾನೆ. ದುರಸ್ತಿಗಾರನು ಮೊದಲು ವಾದ್ಯವನ್ನು ಮುಟ್ಟದೆ ವಾದಕನು ನುಡಿಸುವುದನ್ನು ಕೇಳುತ್ತಾನೆ. ಆಮೇಲೆ ತೆಳುಕಾಗದದ ಚೂರನ್ನು ಕೀಲಿಯ ಮೆತ್ತೆಯ ಕೆಳಗಿಟ್ಟು ಮೆಲ್ಲನೆ ಎಳೆದು, ಗಾಳಿ ಸೋರುವ ಎಡೆಯನ್ನು ಪತ್ತೆಮಾಡುತ್ತಾನೆ. ಬೆರಳು ದುರ್ಬಲವಾದರೆ ಸ್ಪ್ರಿಂಗಿನ ಬಿಗುವನ್ನು ಇಳಿಸುತ್ತಾನೆ. ಕೈ ಚಿಕ್ಕದಾದರೆ ಹೆಬ್ಬೆರಳಿನ ಆಸರೆಯನ್ನು ಸರಿಸುತ್ತಾನೆ. ಮೆತ್ತೆಯು ರಂಧ್ರದಿಂದ ಎಷ್ಟು ಎತ್ತರಕ್ಕೆ ಏಳಬೇಕೆಂಬುದನ್ನು ಬೆಂಡಿನ ತುಣುಕಿನಿಂದ ಗೊತ್ತುಮಾಡುತ್ತಾನೆ. ಶ್ರುತಿ ಒಟ್ಟಾಗಿ ಏರಿದ್ದರೆ ಮೇಲಿನ ಗಿಡ್ಡ ಕೊಳವೆಯನ್ನು ಬದಲಾಯಿಸಿ ಉದ್ದವಾದುದನ್ನು ಹಾಕುತ್ತಾನೆ. ರಂಧ್ರದ ಒಳಅಂಚನ್ನು ಕೆತ್ತುವುದು ಕಟ್ಟಕಡೆಯ ಉಪಾಯ. ಏಕೆಂದರೆ ಮೆತ್ತಿದ ಮೇಣವನ್ನು ತೆಗೆಯಬಹುದು, ಕೆತ್ತಿದ ಮರವನ್ನು ಮತ್ತೆ ಕೂಡಿಸಲಾಗದು.

ಇನ್ನು ಸ್ಟಾಡ್ಲರನ ವಾದ್ಯದ ಮಾತು. ಅದು ಇಂದಿನವರೆಗೆ ದೊರೆತಿಲ್ಲ. ಆದರೂ 20ನೆಯ ಶತಮಾನದ ನಡುವೆ ವಿದ್ವಾಂಸರು ಅಚ್ಚಾದ ಪ್ರತಿಯನ್ನೂ ಹಳೆಯ ವಿಮರ್ಶೆಯನ್ನೂ ಪರಿಶೀಲಿಸಿ, ಮಡಿಸಿದ್ದ ಸ್ವರಪಂಕ್ತಿಗಳನ್ನು ಬಿಚ್ಚತೊಡಗಿದರು. 1951ರಲ್ಲಿ ಪ್ರಾಗ್ ನಗರದಲ್ಲಿ ಹೊಸದಾಗಿ ಮಾಡಿಸಿದ ನೀಳವಾದ ಕ್ಲ್ಯಾರಿನೆಟ್ಟಿನ ಮೇಲೆ ಕಂಚೆರ್ಟೊವನ್ನು ನುಡಿಸಿದರು. 1992ರಲ್ಲಿ, ಸ್ಟಾಡ್ಲರನು 1794ರಲ್ಲಿ ರೀಗಾ ಪಟ್ಟಣದಲ್ಲಿ ನಡೆಸಿದ ಕಚೇರಿಯ ಕಾರ್ಯಕ್ರಮಪತ್ರವು ಬೆಳಕಿಗೆ ಬಂದು, ಅದರಲ್ಲಿ ವಾದ್ಯದ ಚಿತ್ರವೇ ಇದ್ದಿತು. ಕೆಳತುದಿಯಲ್ಲಿ ತಿರುಗಿಕೊಂಡ ಗುಂಡನೆಯ ಗಂಟೆಯುಳ್ಳ ಆ ಆಕಾರವನ್ನು ಅದುವರೆಗೆ ಯಾರೂ ಊಹಿಸಿರಲಿಲ್ಲ. ಈಗ ಶಿಲ್ಪಿಗಳು ಅದರಂತೆ ವಾದ್ಯಗಳನ್ನು ಮಾಡುತ್ತಿದ್ದಾರೆ. ಚಿತ್ರದಿಂದ ಆಕಾರವು ತಿಳಿಯಿತು. ರಂಧ್ರಗಳ ಒಳಅಂಚನ್ನು ಸ್ಟಾಡ್ಲರನ ಉಸಿರಿಗಾಗಿ ಹೇಗೆ ಕೆತ್ತಿದ್ದರೆಂಬುದು ಚಿತ್ರಕ್ಕೆ ಸಿಲುಕುವ ಸಂಗತಿಯಲ್ಲ.

1788ರ ಕಚೇರಿಯ ಪ್ರಕಟಣೆಯಲ್ಲಿ ವಾದ್ಯವನ್ನು ಮಾಡಿದವನೆಂದು ಲೋಟ್ಸನ ಹೆಸರಿತ್ತು. ಮುಂದಿನ ವರ್ಷಗಳಲ್ಲಿ ಸ್ಟಾಡ್ಲರನು ಅದನ್ನು ತನ್ನದೇ ಆವಿಷ್ಕಾರವೆಂದು ಸಾರಿಕೊಂಡನು. ಕಚೇರಿ ಮುಗಿದಾಗ ನಾವು ವಾದಕನಿಗೆ ಚಪ್ಪಾಳೆ ತಟ್ಟಿ ಮನೆಗೆ ಹೊರಡುತ್ತೇವೆ. ಅದು ಯುಕ್ತವೇ ಸರಿ. ಆದರೆ ವೀಣೆಯ ಮೇಳವನ್ನು ಕಟ್ಟಿದವನ ಹೆಸರನ್ನೂ, ಆತನ ಅಳತೆಗಳನ್ನೂ, ಅವನು ಬದುಕಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಟ್ಟರೆ ನಮ್ಮ ಮೊಮ್ಮಕ್ಕಳಿಗೆ ಹುಡುಕಾಟವು ತಪ್ಪೀತು.